ಗುಂಡಮ್ಮ ಪೊರೆ ಬಿಟ್ಟ ಭಾನುವಾರ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ತೊಟ್ಟು ಗ್ಲಿಸರಿನ್. ಅದೊಂದು ಮನೆಯಲ್ಲಿ ಇದ್ದಿದ್ದರೆ ಗಡಿಯಾರ ರಿಪೇರಿಯವನು ಆ ಭಾನುವಾರ ಬೆಳಿಗ್ಗೆ ಎದುರು ಬಾಗಿಲು ತಟ್ಟುತ್ತಿರಲಿಲ್ಲ. ತಟ್ಟದಿದ್ದರೆ, ಮೂರು ವರ್ಷದಿಂದ ಕಾಪಾಡಿಕೊಂಡು ಬಂದ ಗುಟ್ಟು ಎರಡು ಮಹಡಿ ಇಳಿದು ಓನರಮ್ಮನ ಅಡುಗೆಮನೆಗೆ ಹೋಗಿ ಕೂರುತ್ತಿರಲಿಲ್ಲ.

ಗುಟ್ಟಿನ ಹೆಸರು ಗುಂಡಮ್ಮ. ಅಂಗೈ ಅಗಲದ, ಮೈತುಂಬ ಕಂದು ಕೂದಲಿನ ಟರಂಟುಲಾ ಜೇಡ. ಅವನ ಒಂದೇ ಕೋಣೆಯ ಮನೆಯಲ್ಲಿ, ಮೂಲೆಯ ಸ್ಟೂಲಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಅವಳ ವಾಸ. ಪೆಟ್ಟಿಗೆಯ ಮೇಲೆ ಕಪ್ಪು ಬಟ್ಟೆ. ಗೋಡೆಯ ತುಂಬ ರಿಪೇರಿಗೆ ಬಂದ ಹನ್ನೊಂದು ಗಡಿಯಾರಗಳು ನೇತಾಡುತ್ತಿದ್ದುದರಿಂದ, ಬಟ್ಟೆಯ ಕೆಳಗಿರುವುದು ಹನ್ನೆರಡನೆಯದು ಎಂದು ಎಲ್ಲರೂ ನಂಬಿದ್ದರು. "ಹಳೇ ಗಡಿಯಾರ, ಬೆಳಕು ಬೀಳಬಾರದು" ಎನ್ನುವುದು ಅವನು ಜೀವಮಾನದಲ್ಲಿ ಹೇಳಿದ್ದ ಒಂದೇ ಸುಳ್ಳು.

ಅವನು ಗಿರಾಕಿಗಳ ಮುಖ ನೋಡದೆ ಮಣಿಕಟ್ಟು ನೋಡಿ ಮಾತಾಡುವ ಮನುಷ್ಯ. ಬೀದಿಯಲ್ಲಿ ಯಾರಾದರೂ ನಗುತ್ತಾ ಎದುರಾದರೆ, ಕೈ ಜೇಬಿನಿಂದ ಹೊರಬಂದು ವಾಚು ಕಾಣುವವರೆಗೂ ಯಾರೆಂದು ತಿಳಿಯುತ್ತಿರಲಿಲ್ಲ. ಗುಂಡಮ್ಮನೊಂದಿಗೆ ಮಾತ್ರ ಬಾಯಿ ಬಿಚ್ಚುತ್ತಿದ್ದ. ಅವಳು ಉತ್ತರ ಕೊಡುತ್ತಿರಲಿಲ್ಲ, ಎದುರುತ್ತರವನ್ನೂ ಕೊಡುತ್ತಿರಲಿಲ್ಲ. ಅವನಿಗೆ ಅಂಥವರೇ ಬೇಕಾಗಿತ್ತು.

ಮೂರು ವಾರದಿಂದ ಗುಂಡಮ್ಮ ಊಟ ಬಿಟ್ಟಿದ್ದಳು. ಹೊಟ್ಟೆಯ ಮೇಲಿನ ಬೋಳು ಜಾಗ ಪಾಲಿಶ್ ಹಾಕಿದ ಬೂಟಿನಂತೆ ಕಪ್ಪಗೆ ಮಿರುಗತೊಡಗಿತ್ತು. ಪೊರೆ ಬಿಡುವ ಕಾಲ ಬಂತೆಂದು ಅವನಿಗೆ ಗೊತ್ತಿತ್ತು. ಆ ಭಾನುವಾರ ಎದ್ದು ನೋಡಿದರೆ ಅವಳು ಬಲೆಯ ಹಾಸಿಗೆ ಹಾಸಿಕೊಂಡು, ಎಂಟೂ ಕಾಲು ಮೇಲೆ ಮಾಡಿ ಅಂಗಾತ ಮಲಗಿದ್ದಳು. ಏಳು ಕಾಲು ಹಳೆಯ ಪೊರೆಯಿಂದ ಕಾಲುಚೀಲ ಕಳಚಿದ ಹಾಗೆ ಹೊರಬಂದವು. ಎಂಟನೆಯದು, ಎಡಗಡೆಯ ಹಿಂಗಾಲು, ಬಿಗಿ ಬೂಟಿನಲ್ಲಿ ಸಿಕ್ಕಿಕೊಂಡಂತೆ ನಿಂತುಬಿಟ್ಟಿತು. ಎಳೆದರೆ ಕಾಲೇ ಕಿತ್ತು ಬರುತ್ತದೆ, ಬಿಟ್ಟರೆ ಅವಳೇ ಸುಸ್ತಾಗಿ ಸಾಯುತ್ತಾಳೆ. ನೀರಿಗೆ ಒಂದು ತೊಟ್ಟು ಗ್ಲಿಸರಿನ್ ಬೆರೆಸಿ ಆ ಜಾಗವನ್ನಷ್ಟೇ ನೆನೆಸಬೇಕು.

ಎದುರು ಮನೆಯ ಟೈಲರಕ್ಕ ಕೈ ಒಡಕಿಗೆ ಗ್ಲಿಸರಿನ್ ಹಚ್ಚಿಕೊಳ್ಳುವುದನ್ನು ಅವನು ನೋಡಿದ್ದ. ಹೋಗಿ ಬಾಗಿಲು ತಟ್ಟಿದ.

"ಅಕ್ಕಾ, ಸ್ವಲ್ಪ ಗ್ಲಿಸರಿನ್ ಇದೆಯಾ?"

"ಇದೆ" ಎಂದು ಬಾಟಲಿ ತಂದಳು. "ಯಾಕೆ, ಕೈ ಒಡೆದಿದೆಯಾ?"

"ಕೈ ಅಲ್ಲ. ಕಾಲು."

"ಎಲ್ಲಿ ತೋರ್ಸು."

"ನಂದಲ್ಲ."

ಟೈಲರಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದಳು. "ನಿನ್ನ ರೂಮಲ್ಲಿ ಇನ್ಯಾರ ಕಾಲಪ್ಪ ಇದೆ?"

ಅವಸರದಲ್ಲಿ ಅವನಿಗೆ ಸುಳ್ಳು ಹೊಳೆಯಲಿಲ್ಲ. "ಜೇಡದ್ದು. ನಾನು ಸಾಕಿರೋದು. ಏಳು ಬಂದಿದೆ ಅಕ್ಕ, ಒಂದು ಬರ್ತಿಲ್ಲ" ಎಂದು ಬಾಟಲಿ ಕಸಿದುಕೊಂಡವನೇ ಓಡಿ ಬಾಗಿಲು ಹಾಕಿಕೊಂಡ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಎಣ್ಣೆಗೆ ಬಳಸುವ ಕೂದಲೆಳೆಯಂಥ ಕುಂಚದಿಂದ ಆ ಕಾಲಿನ ಗಂಟನ್ನು ನೆನೆಸುತ್ತಾ ಕೂತ. ಉಸಿರನ್ನೂ ಪಕ್ಕಕ್ಕೆ ಬಿಟ್ಟ. ಎರಡು ಗಂಟೆ ಕಳೆಯಿತು. ಹತ್ತಕ್ಕೆ ಐದು ನಿಮಿಷ ಇರುವಾಗ ಕಾಲು ಪುಳಕ್ಕನೆ ಹೊರಬಂತು, ಬೆಂದ ಶಾವಿಗೆಯಷ್ಟು ಮೆತ್ತಗೆ. ಗುಂಡಮ್ಮ ಬೆಳ್ಳಗಿನ ಹೊಸ ಹಲ್ಲು ತೋರಿಸುತ್ತಾ ಬಿದ್ದುಕೊಂಡಳು. ಇನ್ನು ಹದಿನೈದು ದಿನ ಅವಳನ್ನು ಮುಟ್ಟುವ ಹಾಗಿಲ್ಲ, ಪೆಟ್ಟಿಗೆ ಅಲ್ಲಾಡಿಸುವ ಹಾಗಿಲ್ಲ. ಮೈ ಗಟ್ಟಿಯಾಗುವ ತನಕ ಬೆರಳುದ್ದದ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆಯುತ್ತದೆ.

ಅವನು ಕಳಚಿದ ಪೊರೆಯನ್ನು ಚಿಮಟದಿಂದ ಎತ್ತಿ ವಾಚಿನ ಬಿಡಿಭಾಗ ಇಡುವ ತಟ್ಟೆಯಲ್ಲಿಟ್ಟ. ಕೂದಲು, ಕಾಲು, ಹಲ್ಲು, ಎಲ್ಲ ಇದ್ದಂತೆ ಇತ್ತು. ಒಳಗೆ ಗುಂಡಮ್ಮ ಮಾತ್ರ ಇರಲಿಲ್ಲ. ಪೆಟ್ಟಿಗೆಗೆ ಬಟ್ಟೆ ಹೊದಿಸಿದ್ದೇ ತಡ, ಬಾಗಿಲ ಮೇಲೆ ಬೀಗದ ಕೈ ಗೊಂಚಲಿನ ಏಟು ಬಿತ್ತು. ಚಿಲಕ ತಾನಾಗೇ ಕಳಚಿಕೊಂಡಿತು.

ಒಳಗೆ ಬಂದವರು ಓನರಮ್ಮ. ಹಿಂದೆ ಟೈಲರಕ್ಕ, ಅವಳ ಹಿಂದೆ ಕೆಳಮನೆಯ ನಿವೃತ್ತ ಮೇಷ್ಟ್ರು. ಸರಿಯಾಗಿ ಆಗಲೇ ಹನ್ನೊಂದು ಗಡಿಯಾರಗಳೂ ಒಟ್ಟಿಗೆ ಹತ್ತು ಹೊಡೆದವು. ಓನರಮ್ಮ ಅಷ್ಟೂ ಮುಗಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟು ಕಾದರು. ಅವರ ಸಿಟ್ಟು ಕಾದಷ್ಟೂ ಉಕ್ಕುವ ಜಾತಿಯದು.

"ನಾಯಿ ಬೇಡ, ಬೆಕ್ಕು ಬೇಡ, ಗಿಣಿನೂ ಬೇಡ ಅಂತ ಮನೆ ಕೊಡುವಾಗಲೇ ಹೇಳಿದ್ನೋ ಇಲ್ವೋ?"

"ಹೇಳಿದ್ರಿ ಅಮ್ಮ. ಜೇಡದ ವಿಷಯ..."

"ಜೇಡ ಸಾಕೋ ಮನುಷ್ಯ ಇರ್ತಾನೆ ಅಂತ ನನಗೆ ಕನಸು ಬಿದ್ದಿತ್ತಾ? ಸಾಯಂಕಾಲ ಆರು ಗಂಟೆ ಒಳಗೆ ಆ ಜಂತು ಈಚೆಗೆ ಹೋಗ್ಬೇಕು. ಇಲ್ಲ ಅಂದ್ರೆ ನೀವು ಹೋಗ್ಬೇಕು."

"ಹದಿನೈದು ದಿನ ಟೈಮ್ ಕೊಡಿ ಅಮ್ಮ. ಈಗ ಅಲ್ಲಾಡಿಸಿದ್ರೆ..." ಎನ್ನುವಷ್ಟರಲ್ಲಿ ಟೈಲರಕ್ಕ ಕಿಟಾರನೆ ಕಿರುಚಿದಳು. ತಟ್ಟೆ ಅವಳ ಕಣ್ಣಿಗೆ ಬಿದ್ದಿತ್ತು.

ಓನರಮ್ಮ ಮಂಚದ ಮೇಲೇರಿದರು. ಮೇಷ್ಟ್ರು ಮಾತ್ರ ಮುಂದೆ ಬಂದು, ಕನ್ನಡಕ ಹಣೆಗೇರಿಸಿ, ಪೆನ್ಸಿಲ್ಲಿನಿಂದ ಪೊರೆಯನ್ನು ಮೆಲ್ಲಗೆ ತಿವಿದರು. ಅದು ಅಲ್ಲಾಡಲಿಲ್ಲ.

"ಹೋಗ್ಬಿಟ್ಟಿದೆ" ಎಂದರು.

ಅವನು ಬಾಯಿ ತೆರೆದ. ನಿಜ ಹೇಳಿದರೆ ಆರು ಗಂಟೆಗೆ ಗುಂಡಮ್ಮ ಮೆಟ್ಟಿಲಿಳಿಯಬೇಕು, ಇಳಿದರೆ ಉಳಿಯಲಾರಳು. ಬಾಯಿ ಮುಚ್ಚಿ ತಲೆ ತಗ್ಗಿಸಿದ. ಅವನು ಯಾವಾಗಲೂ ತಲೆ ತಗ್ಗಿಸುವವನೇ. ಆದರೆ ಆ ಹೊತ್ತಿನಲ್ಲಿ ಅದು ದುಃಖದಂತೆಯೇ ಕಂಡಿತು.

"ಬೆಳಿಗ್ಗೆ ಜೀವ ಇತ್ತು ಓನರಮ್ಮ" ಎಂದಳು ಟೈಲರಕ್ಕ. "ಕಾಲಿಗೆ ಹಚ್ಚೋಕೆ ಅಂತ ಪಾಪ ಓಡಿ ಬಂದಿದ್ದ. ನೀವು ಬಾಗಿಲು ಬಡಿದ ರಭಸಕ್ಕೇ ಅದರ ಎದೆ ಒಡೆದಿರ್ಬೇಕು."

"ನಾನಾ? ಗೊಂಚಲಲ್ಲಿ ಎರಡೇ ಸಲ ಬಡಿದೆ!"

"ಸೂಕ್ಷ್ಮ ಜೀವಿ. ಎರಡು ಧಾರಾಳ ಸಾಕು" ಎಂದರು ಮೇಷ್ಟ್ರು.

ಓನರಮ್ಮ ಮಂಚದಿಂದ ಇಳಿದರು. ದನಿಯೂ ಇಳಿದಿತ್ತು. "ಹೆಸರು ಏನಾದ್ರೂ ಇಟ್ಟಿದ್ರಾ ಅದಕ್ಕೆ?"

"ಗುಂಡಮ್ಮ."

ಓನರಮ್ಮ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದರು. "ನಮ್ಮ ಅತ್ತೆಯನ್ನೂ ಮನೇಲಿ ಹಾಗೇ ಕರೀತಿದ್ರು. ಅವರ ಮೇಲೂ ಹೀಗೇ ಒಂದಿನ ಬಾಗಿಲು ಬಡಿದು ಕೂಗಾಡಿದ್ದೆ" ಎಂದು ಸೆರಗಿಗೆ ಮೂಗೊರೆಸಿಕೊಂಡು, ಹೂಳುವ ಏರ್ಪಾಟನ್ನು ತಾವೇ ಕೈಗೆತ್ತಿಕೊಂಡರು.

ತಾರಸಿಯಲ್ಲಿ ಒಣಗಿದ ಗುಲಾಬಿಯ ಕುಂಡವೊಂದಿತ್ತು. ಟೈಲರಕ್ಕ ಅಂಗಿಯ ಗುಂಡಿ ಇಡುವ ಡಬ್ಬಿಯನ್ನು ಖಾಲಿ ಮಾಡಿ, ಒಳಗೆ ಸ್ಯಾಟಿನ್ ಚೂರು ಹಾಸಿ ಕೊಟ್ಟಳು. ಮೇಷ್ಟ್ರು ಎರಡು ಮಾತಾಡಲು ನಿಂತರು. ನಿವೃತ್ತಿಯ ನಂತರ ಅವರಿಗೆ ಸಭೆ ಸಿಕ್ಕಿದ್ದು ಅದೇ ಮೊದಲು. "ಎಂಟು ಕಾಲಿದ್ದರೂ ಯಾರ ದಾರಿಗೂ ಅಡ್ಡ ಬಾರದ ಜೀವ" ಎಂದು ಅವರು ಕೈಯೆತ್ತುವಾಗ ಒಂದು ಬೀಸು ಗಾಳಿ ಬಂತು. ಗುಂಡಮ್ಮ ಡಬ್ಬಿಯಿಂದ ಎದ್ದು, ತೇಲಿ, ಮೇಷ್ಟ್ರ ಹೆಗಲ ಮೇಲೆ ಹೋಗಿ ಕೂತಳು.

ಮುಂದಿನ ಎರಡು ನಿಮಿಷ ಯಾರು ಯಾರ ಮೇಲೆ ಬಿದ್ದರು ಎಂದು ಹೇಳುವುದು ಕಷ್ಟ. ಎಲ್ಲ ಮುಗಿದಾಗ ಓನರಮ್ಮ ನೀರಿನ ಟ್ಯಾಂಕಿನ ಹಿಂದಿದ್ದರು. ಮೇಷ್ಟ್ರ ಒಂದು ಚಪ್ಪಲಿ ಪಕ್ಕದ ಕಟ್ಟಡದ ತಾರಸಿಯಲ್ಲಿತ್ತು.

"ಇಷ್ಟು ದಪ್ಪಗಿದ್ದದ್ದು ಇಷ್ಟು ಹಗುರ ಹೇಗೆ?" ಎಂದು ಟೈಲರಕ್ಕ ಹುಬ್ಬು ಗಂಟಿಕ್ಕಿದಳು. ಅವನ ಎದೆ ನಿಂತ ಗಡಿಯಾರವಾಯಿತು.

ಕಾಪಾಡಿದವರು ಮೇಷ್ಟ್ರೇ. "ತೂಕ ಇರೋದೆಲ್ಲ ಪ್ರಾಣಕ್ಕೆ ಕಣಮ್ಮ. ಅದು ಹೋದಮೇಲೆ ಉಳಿಯೋದು ಇಷ್ಟೇ" ಎಂದರು ಒಂಟಿ ಚಪ್ಪಲಿಯಲ್ಲಿ ನಿಂತು. ಆ ಮಾತಿಗೆ ಎಲ್ಲರೂ ತಲೆದೂಗಿದರು. ಅವನು ಎಲ್ಲರಿಗಿಂತ ಜೋರಾಗಿ ತೂಗಿದ.

ಹೂತು ಮುಗಿಸಿ, ಕೋಣೆಗೆ ಮರಳಿ ಬಟ್ಟೆ ಸರಿಸಿ ನೋಡಿದಾಗ ಗುಂಡಮ್ಮ ಹೊಸ ಕಾಲುಗಳನ್ನು ಹರಡಿಕೊಂಡು ಸರಿಯಾಗಿ ನಿಂತಿದ್ದಳು. "ನೀನೀಗ ಸತ್ತಿದ್ದೀಯ. ಸ್ವಲ್ಪ ದಿನ ಹಾಗೇ ಇರು" ಎಂದು ಅವಳಿಗೆ ಪಿಸುಗುಟ್ಟಿ, ನೀರಿನ ತಟ್ಟೆ ತುಂಬಿಸಿ, ಆ ಬೆಳಿಗ್ಗೆಯ ಮೊದಲ ಕಾಫಿ ಕುಡಿದ.

ಎರಡು ಗಂಟೆಗೆ ಮತ್ತೆ ಬಾಗಿಲು ಸದ್ದಾಯಿತು. ಈ ಸಲ ಗೊಂಚಲಲ್ಲ, ಬೆರಳ ತುದಿ. ತೆರೆದರೆ ಓನರಮ್ಮ, ಬಿಸಿ ಪಾತ್ರೆ ಹಿಡಿದವರ ಹಾಗೆ ಕೈ ಮುಂದೆ ಚಾಚಿ, ಮುಖ ಆಚೆ ತಿರುಗಿಸಿ ನಿಂತಿದ್ದರು. ಕೈಯಲ್ಲಿ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಗುಂಡಮ್ಮನಿಗಿಂತ ಒಂದು ಸುತ್ತು ದೊಡ್ಡ ಜೇಡ.

"ನನ್ನ ತಮ್ಮಂದು ಸಾಕುಪ್ರಾಣಿ ಅಂಗಡಿ. ಬೇಡ ಅನ್ನಬೇಡಿ, ನನ್ನ ಮನಸ್ಸಿಗೆ ಸಮಾಧಾನ ಆಗ್ಬೇಕು. ಇನ್ನುಮೇಲೆ ನನ್ನ ಮನೇಲಿ ಒಂದು ಜೇಡಕ್ಕೆ ಜಾಗ ಇದೆ. ಆದ್ರೆ ಒಂದೇ. ಎರಡನೇದು ಕಂಡ್ರೆ ಮಾತ್ರ ನಾನು ಸುಮ್ಮನಿರೋಳಲ್ಲ."

"ಎಲ್ಲಿಡೋಣ?" ಎಂದಳು ಹಿಂದೆಯೇ ಬಂದ ಟೈಲರಕ್ಕ. "ಈ ಹಳೇ ಗಡಿಯಾರ ಎತ್ತಿ ಕೆಳಗಿಟ್ರೆ..."

"ಮುಟ್ಬೇಡಿ!" ಎಂದು ಅವನು ಕೂಗಿದ. ಅವನ ದನಿ ಅಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ. ಹೊಸ ಪೆಟ್ಟಿಗೆ ಮೇಜಿನ ಮೇಲೆ ಕೂತಿತು. ಮೇಷ್ಟ್ರೂ ಹತ್ತಿ ಬಂದರು.

"ಯಾಕೋ ಹದಿನೈದು ದಿನದಿಂದ ಊಟ ಮುಟ್ಟಿಲ್ಲವಂತೆ" ಎಂದರು ಓನರಮ್ಮ. "ಹೊಸ ಮನೆ ಸಿಕ್ರೆ ಸರಿಹೋಗುತ್ತೆ ಅಂದ ನನ್ನ ತಮ್ಮ."

ಅವನು ಬಗ್ಗಿ ನೋಡಿದ. ಹೊಟ್ಟೆಯ ಬೋಳು ಜಾಗ ಪಾಲಿಶ್ ಹಾಕಿದ ಬೂಟಿನಂತೆ ಮಿರುಗುತ್ತಿತ್ತು. ಅವನು ನೋಡುತ್ತಿರುವಂತೆಯೇ ಹೊಸ ಜೇಡ ನಿಧಾನವಾಗಿ ಬಲೆಯ ಹಾಸಿಗೆ ನೇಯತೊಡಗಿತು. ಮೂರು ಗಂಟೆಗೆ ಮಗ್ಗುಲಾಗಿ, ಅಂಗಾತವಾಗಿ, ಎಂಟೂ ಕಾಲು ಮೇಲೆತ್ತಿತು.

"ಇದೂ ಹೋಯ್ತಾ!" ಓನರಮ್ಮ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. "ಈ ಸಲ ಮೆಲ್ಲಗೆ ತಟ್ಟಿದ್ನಲ್ಲ!"

"ಕುಂಡದಲ್ಲಿ ಇನ್ನೂ ಜಾಗ ಇದೆ. ನಾಲ್ಕು ಮಾತೂ ಉಳಿದಿದ್ದವು" ಎಂದು ಮೇಷ್ಟ್ರು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

ಸುಮ್ಮನಿದ್ದರೆ ಜೀವಂತ ಜೇಡ ಮಣ್ಣಿಗೆ ಹೋಗುತ್ತದೆ. ಮಾತಾಡಿದರೆ, ಇನ್ನು ಸ್ವಲ್ಪ ಹೊತ್ತಿಗೆ ಈ ಪೆಟ್ಟಿಗೆಯಲ್ಲೊಂದು ಪೊರೆ ಬಿದ್ದಿರುತ್ತದೆ, ಅದನ್ನು ಈ ಮೂವರೂ ಎಲ್ಲೋ ನೋಡಿದ ಹಾಗಿದೆ ಎನ್ನುತ್ತಾರೆ. ಅವನು ಕುರಿಯಂತೆ ಅತ್ತಿತ್ತ ನೋಡಿದ. ಪೆಟ್ಟಿಗೆಯೊಳಗೆ ಒಂದು ಕಾಲು ನಡುಗಿತು.

"ಸತ್ತಿಲ್ಲ" ಎಂದ. "ಪೊರೆ ಬಿಡ್ತಿದೆ. ಯಾರೂ ಮುಟ್ಬೇಡಿ."

"ಓಹೋ, ನೋಡೇಬಿಡೋಣ" ಎಂದು ಮೇಷ್ಟ್ರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವನು ಎಷ್ಟು ಹೇಳಿದರೂ ಯಾರೂ ಏಳಲಿಲ್ಲ. ಟೈಲರಕ್ಕ ಬೆಳಿಗ್ಗೆ ಅವನು ಕಸಿದು ತಂದಿದ್ದ ಗ್ಲಿಸರಿನ್ ಬಾಟಲಿಯನ್ನು ಕೇಳದೆಯೇ ಹುಡುಕಿ ಮೇಜಿನ ಮೇಲಿಟ್ಟಳು. ಒಂದೊಂದು ಕಾಲು ಹೊರಬಂದಾಗಲೂ ಓನರಮ್ಮ ಜೋರಾಗಿ ಎಣಿಸಿದರು. ಎಂಟನೆಯದಕ್ಕೆ ಚಪ್ಪಾಳೆಯನ್ನೂ ತಟ್ಟಿದರು.

ಚಪ್ಪಾಳೆ ನಡುವೆಯೇ ನಿಂತಿತು. ಜೇಡದ ಪಕ್ಕದಲ್ಲಿ ಇನ್ನೊಂದು ಜೇಡ ಬಿದ್ದಿತ್ತು. ಕೂದಲು, ಕಾಲು, ಹಲ್ಲು, ಎಲ್ಲ ಇದ್ದಂತೆ. ಮೇಷ್ಟ್ರು ತಮ್ಮ ಹೆಗಲು ಮುಟ್ಟಿಕೊಂಡರು. ಟೈಲರಕ್ಕ ತಲೆಯೆತ್ತಿ ತಾರಸಿಯ ಕಡೆ ನೋಡಿದಳು. ಓನರಮ್ಮ ಯಾರನ್ನೂ ನೋಡಲಿಲ್ಲ.

ಆಗ ಗೋಡೆಯ ಗಡಿಯಾರಗಳು ಒಟ್ಟಿಗೆ ಆರು ಹೊಡೆದವು. ಸದ್ದು ಪೂರ್ತಿ ಅಡಗಿದ ಮೇಲೆ ಓನರಮ್ಮ ಮೂಲೆಯ ಸ್ಟೂಲಿನ ಕಡೆ ತಿರುಗಿದರು.

"ಎಲ್ಲ ಹೊಡೀತು. ಅದೊಂದು ಯಾಕೆ ಹೊಡೀಲಿಲ್ಲ?"

ಅವರು ಹೋಗಿ ಬಟ್ಟೆಯೆತ್ತಿದರು. ಗುಂಡಮ್ಮ ಗಾಜಿಗೆ ಎರಡು ಕಾಲು ಊರಿ, ತನ್ನ ಅಂತ್ಯಕ್ರಿಯೆಗೆ ಬಂದವರನ್ನೆಲ್ಲ ನೋಡುತ್ತಿದ್ದಳು.

"ಒಂದೇ ಅಂತ ಹೇಳಿದ್ದೆ" ಎಂದರು ಓನರಮ್ಮ ಬಹಳ ಮೆಲ್ಲಗೆ.

"ಎರಡನ್ನೂ ಈಗ ಅಲ್ಲಾಡಿಸೋ ಹಾಗಿಲ್ಲ ಅಮ್ಮ" ಎಂದ ಅವನು ಅಳುವ ದನಿಯಲ್ಲಿ. "ಹದಿನೈದು ದಿನ. ಅಲ್ಲಾಡಿಸಿದ್ರೆ ಸತ್ತೇಹೋಗ್ತವೆ."

ಓನರಮ್ಮ ಒಂದು ಪೆಟ್ಟಿಗೆ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ಕೋಣೆಯಲ್ಲಿ ಅಲ್ಲಾಡಿಸಬಹುದಾದದ್ದು ಏನಿದೆ ಎಂದು ಹುಡುಕುತ್ತಾ ಹೋದ ಅವರ ಕಣ್ಣು ಅವನ ಮೇಲೆ ಬಂದು ನಿಂತಿತು.

ಆರೂಕಾಲಿಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ, ತೊಡೆಯ ಮೇಲೆ ಭೂತಗನ್ನಡಿ, ಚಿಮಟ, ಕುಂಚ. ಮುಚ್ಚಿದ ಬಾಗಿಲ ಒಳಗಿನಿಂದ, ಯಾರು ಯಾವಾಗ ನೀರು ಹಾಕಬೇಕೆಂದು ಮೇಷ್ಟ್ರು ಪಾಳಿ ಹಂಚುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದಿಂಬು ನೆನಪಾಗಿ ಎದ್ದು ಬಾಗಿಲು ತಟ್ಟಿದ.

ಬಾಗಿಲು ಬೆರಳಗಲ ತೆರೆಯಿತು. ಸಂದಿಯಲ್ಲಿ ಓನರಮ್ಮನ ಕೆಂಪು ಕಣ್ಣು.

"ಸ್ವಲ್ಪ ಮೆಲ್ಲಗೆ ತಟ್ಟೋಕೆ ಏನು ರೋಗ ನಿಮಗೆ?" ಎಂದು ಪಿಸುಗುಟ್ಟಿದರು. "ಪಾಪ, ಎದೆ ಒಡೆದು ಹೋಗುತ್ತೆ ಅವಕ್ಕೆ!"