ಟವೆಲ್ಲಿನೊಳಗೆ ಟ್ಯಾಕ್ಸಿ ರೇಟು

ನಮ್ಮ ಮನೆ ಮಂದಿ ಒಂದು ಕೆಲಸಕ್ಕೆ ಹೊರಟು ಅದನ್ನು ನೆಟ್ಟಗೆ ಮುಗಿಸಿಕೊಂಡು ಬಂದದ್ದು ನನಗಂತೂ ನೆನಪಿಲ್ಲ. ತಮ್ಮನ ಮದುವೆಯೂ ಹಾಗೇ ಆಯಿತು.

ಮದುವೆ ಹೈದರಾಬಾದಿನಲ್ಲಿ. ಎಲ್ಲರೂ ಕೊಟ್ಟೂರಿನಿಂದ ಮೊದಲೇ ಹೋಗಿದ್ದರು. ನನಗೆ ಶಾಲೆಯಲ್ಲಿ ಮಕ್ಕಳ ಪರೀಕ್ಷೆ ನಡೆಸುವ ಕೆಲಸ, ಸೋದರಮಾವನಿಗೆ ದನದ ಸಂತೆಯ ದಲಾಲಿ. ಹಾಗಾಗಿ ನಾವಿಬ್ಬರು ಮದುವೆ ದಿನವೇ ಹುಬ್ಬಳ್ಳಿಯಿಂದ ವಿಮಾನ ಹತ್ತುವುದಿತ್ತು. ಮನೆಗೆ ಬೀಗ ಹಾಕುವಾಗ ಅವ್ವನ ಫೋನು. "ಯವ್ವಾ, ತಾಳಿ ದೇವರ ಜಗಲಿ ಮ್ಯಾಲೆ ಉಳದೈತಿ! ನೀವ ತರಬೇಕು."

ತಾಳಿ ನನ್ನ ಚೀಲ ಸೇರಿತು. ವಿಮಾನ ತಡವಾಗಿ ಇಳಿಯಿತು. ಅಲ್ಲಿಂದ ಊರೊಳಗಿನ ಕಲ್ಯಾಣ ಮಂಟಪ ಬಲು ದೂರ.

ನೀರು

ಟ್ಯಾಕ್ಸಿ ಕೌಂಟರಿನ ಹುಡುಗಿ ಬಾಡಿಗೆ ಹೇಳಿದಳು. ಸಾವಿರದ ಮೇಲಿತ್ತು. ಮಾವ ಕೌಂಟರಿಗೆ ಮೊಣಕೈ ಊರಿ ನಿಂತುಬಿಟ್ಟ.

"ಹುಬ್ಬಳ್ಳಿಯಿಂದ ಇಲ್ಲೀತನ ಹಾರಿಸ್ಕೊಂಡು ಬಂದ್ರು, ಕುಡಿಯಾಕ ನೀರೂ ಕೊಟ್ರು. ನೀವು ನೆಲದ ಮ್ಯಾಲೆ ಹೋಗಾಕ ಇಷ್ಟ್ ಕೇಳ್ತೀರಿ. ನೀರರ ಕೊಡ್ತೀರೇನು?"

ಹುಡುಗಿಗೆ ಕನ್ನಡ ತಿಳಿಯಲಿಲ್ಲ. ಆದರೂ ತನ್ನ ಬಾಟಲಿಯನ್ನು ಮಾವನ ಕಡೆ ಸರಿಸಿದಳು.

ಬೆನ್ನು ತಿರುಗಿಸುವುದು

"ಬಸ್ಸಿಗೆ ಹೋಗೂಣು, ಅಗ್ಗ ಐತಂತ" ಎಂದ ಮಾವ. ಬಸ್ಸು ಊರೆಲ್ಲ ಸುತ್ತಿ ಹೋಗುತ್ತದೆ, ಮುಹೂರ್ತ ತಪ್ಪುತ್ತದೆ ಎಂದು ನಾನು ಫೋನಿನಲ್ಲಿ ಕಾರು ಹುಡುಕಿದೆ. ನೋಡಿದಷ್ಟು ಸಲವೂ ರೇಟು ಏರುತ್ತಿತ್ತು. ಅಷ್ಟರಲ್ಲಿ ಅವ್ವ ಮತ್ತೆ ಫೋನು ಮಾಡಿ "ಎಲ್ಲದೀರಿ?" ಎಂದಳು. ನನಗೆ ಅಳುವೇ ಬಂತು.

"ಅದನ್ನ ಮುಚ್ಚವ್ವಿ" ಎಂದ ಮಾವ. "ಎತ್ತಿನ ಹಲ್ಲು ಎರಡು ಸಲ ನೋಡಿದ್ರ ಮುಗೀತು, ಇವರಿಗೆ ಬೇಕಾಗೇತಿ ಅಂತ ಮಾಲಕಗ ಗೊತ್ತಾಗತೈತಿ. ಆ ಕಡಿ ಮುಖ ಮಾಡಿ ನಿಲ್ಲು."

ಫೋನನ್ನು ಟ್ರಾಲಿಯ ಮೇಲಿಟ್ಟು ಇಬ್ಬರೂ ಬೆನ್ನು ತಿರುಗಿಸಿ ನಿಂತೆವು. ಓದಿದವಳು ನಾನು, ನಾನೂ ನಿಂತೆ. ತಿರುಗಿ ನೋಡಿದರೆ ರೇಟು ನಿಜವಾಗಿಯೂ ಇಳಿದಿತ್ತು. ಒತ್ತುವಷ್ಟರಲ್ಲಿ ಕಾರೇ ಇರಲಿಲ್ಲ.

"ಬ್ಯಾರೆ ಗಿರಾಕಿ ಹೊಡಕೊಂಡು ಹೋದ" ಎಂದ ಮಾವ.

ಟವೆಲ್ಲು

ನಮ್ಮ ಕಡೆ ದನದ ವ್ಯಾಪಾರದಲ್ಲಿ ರೇಟು ಬಾಯಲ್ಲಿ ಆಡುವುದಿಲ್ಲ. ಕೈಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಹೊರಗೆ ಟ್ಯಾಕ್ಸಿಯವನೊಬ್ಬ ಸಿಕ್ಕಿದ್ದೇ ತಡ, ಮಾವ ಹೆಗಲ ಟವೆಲ್ಲು ಅವನ ಕೈಮೇಲೆ ಹಾಕಿ ಗಬಕ್ಕನೆ ಎರಡು ಬೆರಳು ಹಿಡಿದ. ಅವನು ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿದ. ಎಳೆದಷ್ಟೂ ಮಾವ, ಇನ್ನೂ ಚೌಕಾಸಿ ನಡೆದಿದೆ ಎಂದುಕೊಂಡು ಬಿಗಿ ಹಿಡಿದ.

ಪೊಲೀಸರೊಬ್ಬರು ಓಡಿ ಬಂದರು. ಟವೆಲ್ಲಿನೊಳಗೆ ಏನಿದೆ ಎಂದು ತೆಲುಗಿನಲ್ಲಿ ಗದರಿದರು.

"ರೇಟು" ಎಂದ ಮಾವ.

ನನ್ನ ಚೀಲವನ್ನೂ ತೆಗೆಸಿದರು. ತಾಳಿ ಹೊರಬಂತು. ಬಂದ ಅರ್ಧಂಬರ್ಧ ತೆಲುಗಿನಲ್ಲಿ ತಮ್ಮನ ಮದುವೆ, ಮುಹೂರ್ತ ಎಲ್ಲ ಹೇಳಿದೆ. ಆ ಪುಣ್ಯಾತ್ಮ ಹಣೆ ಹಣೆ ಬಡಿದುಕೊಂಡು, ಅದೇ ಟ್ಯಾಕ್ಸಿಗೆ ನಮ್ಮನ್ನು ತುಂಬಿ, ಕೌಂಟರಿನ ರೇಟೇ ಕೊಡಬೇಕೆಂದು ತಾಕೀತು ಮಾಡಿ ಬಾಗಿಲು ಹಾಕಿದರು.

ಮುಹೂರ್ತ

ದಾರಿಯುದ್ದಕ್ಕೂ ನಾನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಮಂಟಪದ ಮುಂದೆ ಇಳಿದು ಇಬ್ಬರೂ ಬಿದ್ದಂಬೀಳ ಓಡಿದೆವು.

ಒಳಗೆ ಮಂದಿ ಆರಾಮಾಗಿ ಊಟಕ್ಕೆ ಕೂತಿದ್ದರು. ಹೆಂಡತಿಯ ಪಕ್ಕದಲ್ಲಿ ತಮ್ಮ ನಗುತ್ತ ನಿಂತಿದ್ದ. ಅವ್ವ ಓಡಿ ಬಂದು ನನ್ನ ಕೈ ಹಿಡಿದಳು.

"ಮುಹೂರ್ತ ಮೀರಬಾರದು ಅಂತ ಅಯ್ಯನೋರು ದಾರಕ್ಕ ಅರಿಶಿಣ ಕೊಂಬು ಕಟ್ಟಿಸಿ ಮುಗಿಸಿದ್ರವ್ವಾ. ಅದೂ ನಡೀತೈತಂತ. ಇದನ್ನ ಆಮ್ಯಾಲೆ ಹಾಕಿದ್ರಾತು."

ನನಗೆ ಹೋದ ಜೀವ ಬಂತು. ನೆಲಕ್ಕೆ ಕೂತು ಅತ್ತುಬಿಟ್ಟೆ. ಮಾವನ ಕಣ್ಣಲ್ಲೂ ನೀರು ಬಂದಿತ್ತು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಅವ್ವನ ಕಡೆ ತಿರುಗಿದ.

"ಅಕ್ಕಾ, ಅರಿಶಿಣ ಕೊಂಬಿನಾಗ ಮುಗಿಯೋದಿದ್ರ ಮೊದ್ಲ ಹೇಳಬಾರದಿತ್ತೇನು? ಬಸ್ಸಿಗೆ ಬರ್ತಿದ್ವಲ್ಲಾ!"