ಟೆಂಟಿನಲ್ಲಿ ಕಂಡ ರಿಪೋರ್ಟರು

ಸಿನಿಮಾದಲ್ಲಿ ಪತ್ರಿಕೆಯ ರಿಪೋರ್ಟರ್ ಬಂದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಅವನಿಗೆ ಹ್ಯಾಟು, ಕಾರು, ಪ್ರೇಯಸಿ. ಅದೇ ಕೆಲಸ ಮಾಡುವ ನನಗೆ ಹಳೆಯ ಸೈಕಲ್ಲು, ರಾಜಾಜಿನಗರದ ಹೊಸ ಬ್ಲಾಕಿನಲ್ಲಿ ಬಾಡಿಗೆ ಮನೆ. ಅವನು ಪರದೆಯ ಹಿಂದೆ ಅಡಗಿ ಕೇಳಿದ್ದು ಬೆಳಗಾಗುವಷ್ಟರಲ್ಲಿ ಅಚ್ಚಾಗುತ್ತದೆ. ನಾನು ಸಭೆಯಲ್ಲಿ ಎದುರಿಗೇ ಕೂತು ಕೇಳಿ ಬರೆದದ್ದನ್ನೂ ಸಂಪಾದಕರು ಕನ್ನಡಕ ಒರೆಸಿಕೊಂಡು ಅನುಮಾನದಿಂದ ಓದುತ್ತಾರೆ.

ಅಂಥದೇ ಒಂದು ಚಿತ್ರ ನಮ್ಮ ಬಡಾವಣೆಯ ಟೆಂಟಿಗೆ ಬಂದಿತ್ತು. ಪಕ್ಕದ ಮನೆಯ ರಂಗಪ್ಪನವರ ಸಂಸಾರದೊಡನೆ ನಾವೂ ಹೋದೆವು. ರಂಗಪ್ಪನವರು ಹತ್ತಿರದ ಕಾರ್ಖಾನೆಯಲ್ಲಿ ಕೆಲಸಗಾರರು. ಆ ಬೆಳಿಗ್ಗೆಯಷ್ಟೇ ತಮ್ಮ ಹೀರೆ ಬಳ್ಳಿಗೆ ನೀರು ಹಾಕುತ್ತ, ಕಾಂಪೌಂಡಿನಾಚೆಯಿಂದ ತಗ್ಗಿದ ದನಿಯಲ್ಲಿ ಒಂದು ವಿಷಯ ಹೇಳಿದ್ದರು. ಕೆಲಸ ಬೇಗ ಸಾಗಲೆಂದು, ಕೈ ಸಿಕ್ಕದಂತೆ ಮೆಷಿನ್ನಿಗೆ ಅಡ್ಡವಿದ್ದ ತಗಡನ್ನು ತೆಗೆಸಿದ್ದರಂತೆ, ಜೊತೆಗಾರ ಮುನಿಯಪ್ಪನ ಬೆರಳುಗಳು ಹೋದುವಂತೆ, ತಪ್ಪು ಅವನದೇ ಎಂದು ಮ್ಯಾನೇಜರು ಸಾಧಿಸುತ್ತಿದ್ದಾರಂತೆ. ರಂಗಪ್ಪನವರ ಕಣ್ಣಲ್ಲಿ ನೀರಿತ್ತು. ನನ್ನ ತಲೆಯಲ್ಲಿ ಆಗಲೇ ಸುದ್ದಿಯ ಮೊದಲ ವಾಕ್ಯ ತಯಾರಾಗಿತ್ತು.

ತೆರೆಯ ಮೇಲಿನ ರಿಪೋರ್ಟರಿಗೂ ಅವನ ಗೆಳೆಯನೊಬ್ಬ ಸಾಹುಕಾರನ ಗುಟ್ಟು ಹೇಳಿದ. ಇವನು ಬರೆದ, ಸಾಹುಕಾರ ಜೈಲು ಸೇರಿದ, ಇವನ ಕೊರಳಿಗೆ ಹಾರ ಬಿತ್ತು. ಟೆಂಟಿನ ತುಂಬ ಸಿಳ್ಳೆ. ಅಷ್ಟರಲ್ಲಿ ರೀಲು ಬದಲಾಯಿಸಲು ದೀಪ ಹಾಕಿದರು.

ಏನೂ ಅರಿಯದ ನನ್ನ ಹೆಂಡತಿ ಕಮಲ ಕಡಲೆಕಾಯಿ ಸುಲಿಯುತ್ತ ಕೇಳಿದಳು: "ಅಲ್ಲಾಂದ್ರೆ, ಸುದ್ದಿ ಹೇಳಿದ ಆ ಗೆಳೆಯ ಆಮೇಲೆ ಏನಾದ? ಕಾಣಿಸಲೇ ಇಲ್ಲ."

ರಂಗಪ್ಪನವರ ಕೈ ಬಾಯಿಯ ಬಳಿಯೇ ನಿಂತಿತು. ಅವರು ನನ್ನ ಕಡೆ ವಾಲಿ, "ಸಾರ್, ಬೆಳಿಗ್ಗೆ ನಾನು ಹೇಳಿದ್ದು ಮನೆಯವ್ರಿಗೆ ಹೇಳ್ದಂಗೆ. ಪೇಪರಿಗಲ್ಲ" ಎಂದರು. ಹೇಳಿದವರು ಇವರೇ ಎಂದು ಗೊತ್ತಾದರೆ ಅವರ ಕೆಲಸ ಹೋಗುತ್ತಿತ್ತು, ಮೂವರು ಹೆಣ್ಣುಮಕ್ಕಳ ಊಟವೂ. ಬರೆಯದಿದ್ದರೆ ಇನ್ನೊಬ್ಬನ ಬೆರಳು ಹೋಗುತ್ತಿತ್ತು. ಮುಂದಿನ ರೀಲಿನಲ್ಲಿ ನಾಯಕ ಎಷ್ಟು ಹಾಡಿದರೂ ನನ್ನ ಕಿವಿಗೆ ಬೀಳಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಮರುದಿನ ಕಾರ್ಖಾನೆಯ ಗೇಟಿನೆದುರು ಹೋಗಿ ನಿಂತೆ. ಸಿನಿಮಾದವನಾಗಿದ್ದರೆ ಗಡ್ಡ ಅಂಟಿಸಿಕೊಂಡು ಒಳಗೆ ನುಗ್ಗುತ್ತಿದ್ದ. ನಾನು ಹೆಸರು, ಪತ್ರಿಕೆ ಎರಡನ್ನೂ ಹೇಳಿ ವಿಚಾರಿಸಿದೆ. ಕೆಲಸ ಮುಗಿಸಿ ಹೊರಬಂದವರೆಲ್ಲ ಸೈಕಲ್ಲನ್ನು ಇನ್ನಷ್ಟು ಜೋರಾಗಿ ತುಳಿದರು. ಕಡೆಗೆ ಆಸ್ಪತ್ರೆ ಹುಡುಕಿ ಮುನಿಯಪ್ಪನನ್ನೇ ಕಂಡೆ. ಬರೆಯಲೇ ಎಂದು ಕೇಳಿದೆ.

"ಬರೀರಿ ಸಾರ್, ನನ್ನ ಹೆಸರೂ ಹಾಕಿ. ನನ್ನದು ಹೋಗೋದು ಹೋಗಿದೆ" ಎಂದ.

ಮ್ಯಾನೇಜರ ಮಾತನ್ನೂ ಕೇಳಿ ಬರೆದೆ. ಸುದ್ದಿ ಬಂದ ದಿನ ಸಂಜೆ ಕಾಂಪೌಂಡಿನ ಬಳಿ ನಿಂತು ರಂಗಪ್ಪನವರ ಸೈಕಲ್ಲಿಗಾಗಿ ಕಾದೆ. ಬಂದರು. ತಗಡು ಮತ್ತೆ ಹಾಕಿಸಿದರಂತೆ, ಅವರನ್ನು ಯಾರೂ ಏನೂ ಕೇಳಲಿಲ್ಲವಂತೆ. ಅಷ್ಟು ಹೇಳಿ, "ಹೀರೆಕಾಯಿ ಚೆನ್ನಾಗಿ ಬಿಟ್ಟೈತೆ ಸಾರ್" ಎಂದು ಒಳಗೆ ಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಹೀರೆಕಾಯಿಯದೇ ಮಾತು.

ಸಾಲದ್ದಕ್ಕೆ ಈಗ ಊಟಕ್ಕೆ ಕೂತು, ಪಕ್ಕದ ಮನೆಯಲ್ಲಿ ಏನು ಸಮಾಚಾರ ಎಂದರೆ, ಟೆಂಟಿನಲ್ಲಿ ರಂಗಪ್ಪನವರ ಮಾತು ಕೇಳಿಸಿಕೊಂಡಿದ್ದ ಕಮಲ ಸೌಟು ಹಿಡಿದು ನಿಲ್ಲುತ್ತಾಳೆ. "ಮನೆಯವ್ರಾಗಿ ಕೇಳ್ತಿದೀರೋ, ಪೇಪರ್‌ನವ್ರಾಗಿ ಕೇಳ್ತಿದೀರೋ?"

ಮನೆಯವನಾಗಿಯೇ ಎನ್ನುವ ಮುನ್ನ ನಾನು ಒಂದು ಕ್ಷಣ ತಡೆಯುತ್ತೇನೆ. ಅದು ಅವಳ ಕಣ್ಣಿಗೆ ಬಿದ್ದುಬಿಡುತ್ತದೆ.