ಅಡಿವೆಪ್ಪ ಮಾಸ್ತರರ ಮೀಸೆ ನೆಟ್ಟವರು ಯಾರು?

"ಮುಟ್ಟಬ್ಯಾಡ್ರಿ, ಅದಕ್ಕ ಸಿಟ್ಟು ಬಂದೀತು!"

ನೀಲವ್ವ ಹೀಗೆ ಕೂಗಿದ್ದೇ ತಡ, ಅವಳ ಗಂಡ ಅಡಿವೆಪ್ಪ ಮಾಸ್ತರರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಅಂಗಳದಲ್ಲಿ ನಿಂತದ್ದು ಅವಳ ಹೊಸ ಯಂತ್ರ. ಹಳೇ ಗ್ರೈಂಡರಿನ ಹೊಟ್ಟೆ, ಮೂರು ಸೈಕಲ್ ಗಾಲಿ, ಒಂಟಿ ಕಣ್ಣು, ಇಕ್ಕಳದಂಥ ಎರಡು ಕೈ. ಊರಿನ ಮಿಕ್ಸರ್‌ಗಳನ್ನೆಲ್ಲ ರಿಪೇರಿ ಮಾಡಿದ ನೀಲವ್ವ ಗದರಿದರೆ ಸತ್ತ ಮೋಟರೂ ಎದ್ದು ತಿರುಗುತ್ತಿತ್ತು!

ಇದೆಲ್ಲಕ್ಕೂ ಕಾರಣ ಪುರಸಭೆಯ ನೋಟಿಸು. ಮನೆ ಪಕ್ಕದ ಅವರ ಖಾಲಿ ಸೈಟಿನ ಕಳೆಯನ್ನು ಏಳು ದಿನದೊಳಗೆ ತೆಗೆಯಬೇಕಿತ್ತು. ಕಾಂಗ್ರೆಸ್ ಕಸ ಅಲ್ಲಿ ಹೇಗೆ ಬೆಳೆದಿತ್ತೆಂದರೆ, ಒಳಹೊಕ್ಕ ಎಮ್ಮೆಯೊಂದು ದಾರಿ ಸಿಕ್ಕು ಹೊರಬರುವಷ್ಟರಲ್ಲಿ ಕರುವಿನ ತಾಯಿಯಾಗಿತ್ತು! ಇಂದು ಏಳನೇ ದಿನ.

"ಯಾವುದು ಕಳೆ ಅಂತ ಇದಕ್ಕ ಹೆಂಗ ತಿಳೀತೈತಿ?"

"ನೋಟಿಸನ್ನs ಓದಿಸೀನ್ರೀ. ಯಾರೂ ನೆಡದೆ ತಾನಾಗಿ ಬೆಳೆದದ್ದೆಲ್ಲ ಕಳೆ. ಮೊದ್ಲು ಕೇಳ್ತೈತಿ. ಉತ್ತರ ಬರ್ಲಿಲ್ಲಂದ್ರ ಕೀಳ್ತೈತಿ!"

ಗುಂಡಿ ಒತ್ತಿದಳು. ಯಂತ್ರ ಗರಗರ ಎಂದು ಹೊರಟು, ಗೇಟಿನ ಬಳಿ ಮಲಗಿದ್ದ ಪಕ್ಕದ ಮನೆಯ ಹೋತದ ಮುಂದೆ ನಿಂತು ಅದರ ಗಡ್ಡ ನೋಡಿತು.

"ಇದನ್ನು ನೆಟ್ಟವರು ಯಾರು?"

ಹೋತ ಏನು ಹೇಳೀತು? ಚರ್ರ್! ಗಡ್ಡ ಹೋದ ಹೋತ ಅರಚಿದ ಸದ್ದಿಗೆ ಮೂರು ಓಣಿಯ ಹಂಚು ಹಾರಿದವು!

ಆಮೇಲೆ ಒಂಟಿ ಕಣ್ಣು ಮಾಸ್ತರರತ್ತ ತಿರುಗಿತು. ಮೂವತ್ತು ವರ್ಷ ತುಪ್ಪ ತೀಡಿ ಸಾಕಿದ ಮೀಸೆ! ಅದು ತೋರಣದಂತೆ ಕಿವಿಯಿಂದ ಕಿವಿಗೆ ಹಬ್ಬಿತ್ತು. ಅದನ್ನು ಕಂಡೇ ಹುಡುಗರು ಮಗ್ಗಿ ಕಲಿತಿದ್ದರು.

"ಇದನ್ನು ನೆಟ್ಟವರು ಯಾರು?"

"ನಾ... ನಾನs ನೆಟ್ಟೀನಿ!"

"ಸುಳ್ಳು. ನೆಟ್ಟ ಕೈಗೆ ಮಣ್ಣಿಲ್ಲ."

"ಲೇ ನೀಲಾ! ಬಂದ್ ಮಾಡs ಇದನ್ನ!"

"ಬಂದ್ ಮಾಡೋ ಗುಂಡಿ ಇನ್ನೂ ಕೂಡ್ರಿಸಿಲ್ರೀ! ಓಡ್ರಿ!"

ಮಾಸ್ತರರು ಮೀಸೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಓಡಿದರು. ಹಿಂದೆ ಗರಗರ, ಮುಂದೆ ಆಳೆತ್ತರದ ಕಸ. ಕುತ್ತಿಗೆಯ ಮೇಲೆ ಇಕ್ಕಳದ ತಣ್ಣನೆಯ ಗಾಳಿ ಸುಳಿದಂತಾಗಿ ಕಸದೊಳಗೆ ಹಾರಿದರು. ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತು, ಮುಗ್ಗರಿಸಿ, ಕೈಯೂರಿ ಎದ್ದರು. ಕಸ ಸೀಳಿಕೊಂಡು ಒಂಟಿ ಕಣ್ಣು ಮೂಗಿನೆದುರು ಬಂತು. ಇಕ್ಕಳ ಮೀಸೆಯ ತುದಿ ಹಿಡಿಯಿತು.

"ನೆಟ್ಟವರು ಯಾರು?"

ಕಣ್ಣು ಮುಚ್ಚಿ, ಕೆಸರಿನ ಕೈ ಎತ್ತಿ ಮಾಸ್ತರರು ಚೀರಿದರು: "ನಾನs! ಇಲ್ಲಿರೋದನ್ನೆಲ್ಲಾ ನಾನs ನೆಟ್ಟೀನಿ!"

ಯಂತ್ರ ಕೈ ನೋಡಿತು. ಇಕ್ಕಳ ಸಡಿಲಾಯಿತು. ಮೀಸೆ ಉಳಿಯಿತು!

ಆದರೆ ಯಂತ್ರ ಹೋಗಲಿಲ್ಲ. ನಲ್ಲಿಯ ಪೈಪು ಎಳೆದು ತಂದು ಕಸಕ್ಕೆಲ್ಲ ನೀರುಣಿಸತೊಡಗಿತು. ಆಮೇಲೆ ಮಾಸ್ತರರ ಮೊಣಕಾಲಿಗೆ ಮಣ್ಣು ಏರಿಸಿತು, ಗೊಬ್ಬರ ಹಾಕಿತು, ಬಾಗಬಾರದೆಂದು ಬೆನ್ನಿಗೊಂದು ಕೋಲು ಕಟ್ಟಿತು.

"ಏನ್ರೀ, ಮೀಸಿ ಉಳೀತಲ್ಲ, ಬರ್ರಿ ಒಳಗ!"

"ಹೆಂಗ ಬರ್ಲೇ? ಕಾಲು ಎತ್ತಿದ್ರ ಮತ್ತ ಒತ್ತಿ ಹುಗೀತೈತಿ!"

ಆಗಲೇ ಪುರಸಭೆಯ ಹಂಚಿನಮನಿ ಸಾಹೇಬರು ತಪಾಸಣೆಗೆ ಬಂದರು. ಯಂತ್ರದ ಕಣ್ಣು ತಮ್ಮ ಹುಬ್ಬಿನ ಕಡೆ ಹೊರಳಿದ್ದು ಕಂಡು, ಸ್ಕೂಟರಿನಿಂದ ಇಳಿಯದೆಯೇ ಫೈಲು ಬಿಚ್ಚಿದರು.

"ಸಾಹೇಬ್ರ, ನನ್ನ ಇಲ್ಲಿಂದ ತೆಗಸ್ರಿ!" ಮಾಸ್ತರರು ಅಂಗಲಾಚಿದರು.

ಸಾಹೇಬರು ತಲೆ ಎತ್ತದೆ ಹೇಳಿದರು: "ನೋಟಿಸು ಬರೇ ಕಳೆಗೆ ಐತ್ರೀ ಮಾಸ್ತರ್ರ. ನೆಟ್ಟ ಮರ ಕೀಳ್ಸಾಕ ಬ್ಯಾರೆ ಅರ್ಜಿ ಕೊಡಬೇಕು."